ಹಲಬರ್ಗಾ ರಸ್ತೆಯ ಬೀಗದ ಮನೆ

ಬಾಯಾರಿ ಬಂದವರಿಗೆ ಹೆಸರು ಕೇಳುವ ಮೊದಲೇ ನೀರು ಕೊಡುವವರು, ಸುಳ್ಳಿಗೆ ಅಂಜುವವರು, ಪರರ ವಸ್ತುವಿಗೆ ಆಸೆಪಡದವರು, ಆದರೆ ಪರರ ಚಾವಿಗಳಿಗೆ ಮಾತ್ರ ನಾಚದೆ ಕೈಚಾಚುವವರು, ನಮ್ಮ ಹಲಬರ್ಗಾ ರಸ್ತೆಯ ಭಾಲಚಂದ್ರರಾಯರು. ಅವರ ಮನೆಯ ಗೋಡೆ, ತೊಲೆ, ಅಂಗಳದ ಬೇವಿನ ಮರವೆಲ್ಲ ಚಾವಿ ಕಳೆದುಹೋದ ಬೀಗಗಳಿಂದ ತುಂಬಿವೆ. ಗಾಂಧಿ ಗಂಜ್ ಮಾರುಕಟ್ಟೆಯ ಗೋದಾಮಿನದು ಕುಂಬಳಕಾಯಿಯಷ್ಟು, ಚಿಂತಾಕಿ ಊರಿನ ಅಜ್ಜಿಯೊಬ್ಬರ ಎಲೆಯಡಿಕೆ ಡಬ್ಬಿಯದು ಹುಣಸೆಬೀಜದಷ್ಟು. ಅವನ್ನು ನೋಡಲು ಹಣ ಕೊಡಬೇಕಿಲ್ಲ, ನಮ್ಮ ಚಾವಿಗೊಂಚಲನ್ನು ಅವರ ಕೈಗಿತ್ತರೆ ಸಾಕು. "ಹುಷಾರ್ರಿ, ನಮ್ಮ ಮಾವಾರು ನಿಮ್ಮ ಗಾಡಿ ಚಾವಿನೂ ಬಿಡಂಗಿಲ್ಲ," ಎಂದು ಸೊಸೆ ಶರ್ವರಿ ನಗುತ್ತಾಳೆ. ರಾಯರು ನಗುವುದಿಲ್ಲ, ಒಳಗಿನ ಹಸಿರು ಪೆಟ್ಟಿಗೆಯ ಬೀಗಕ್ಕೆ ಒಂದೊಂದೇ ಚಾವಿಯನ್ನು ಹಾಕಿ ಮೆಲ್ಲನೆ ತಿರುಗಿಸಿ ನೋಡುತ್ತಾರೆ. ಆ ಪೆಟ್ಟಿಗೆ ಅವರ ಮಡದಿ ಅಂಬೂಬಾಯಿಯವರದು. ಚಾವಿ ಎಲ್ಲಿದೆಯೆಂದು ಹೇಳದೆಯೇ ಆಕೆ ತೀರಿಕೊಂಡರು. ಬೀಗವನ್ನು ಒಡೆಸಬಾರದೇಕೆ ಎಂದು ನಾನು ಕೇಳಿದೆ. "ಅಕಿ ಕೈಲೆ ಹಾಕಿದ ಕೀಲಿ ಅದರಿ. ಒಡದ್ರ ಅಕಿ ಮ್ಯಾಲ ಕೈ ಎತ್ತಿದಂಗ ಆಗ್ತದ," ಎಂದು ರಾಯರು ನನ್ನ ಗೊಂಚಲನ್ನು ಮರಳಿಸಿದರು. ಅದರಲ್ಲಿಯೂ ಹೊಂದುವ ಚಾವಿ ಇರಲಿಲ್ಲ. ರಾಯರಿಗೆ ಆಯುಷ್ಯವೂ ಆ ಮನೆಯವರಿಗೆಲ್ಲ ಸುಖವೂ ಇರಲಿ. ಆ ಚಾವಿಯನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿರುವ ದಾರಿಹೋಕನನ್ನು ಭಗವಂತನು ಬೇಗನೆ ಅವರ ಬಾಗಿಲಿಗೆ ಕರೆತರಲಿ.