ನಿಂತರೆ ಕುದಿಯುವ ಗಾಡಿ

ರೇಡಿಯೇಟರ್ ರಿಪೇರಿಯವನನ್ನು ಬೀದಿಯವರೆಲ್ಲ ಹಬೆಯಣ್ಣ ಎನ್ನುತ್ತಿದ್ದರು. ಕೆಲಸ ಕಲಿಯುವಾಗ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದು, ಚಿಮ್ಮಿದ ಹಬೆಗೆ ಎಡಗೆನ್ನೆಯ ಚರ್ಮವನ್ನೇ ಕಳೆದುಕೊಂಡಿದ್ದ.

ಆ ಮಧ್ಯಾಹ್ನ ಅವನ ಅಕ್ಕನ ಗಂಡ, ಅಕ್ಕನನ್ನೂ ಕೂರಿಸಿಕೊಂಡು, ತನ್ನ ಹಳೇ ಪಿಕಪ್ ತಂದು ನಿಲ್ಲಿಸಿದ. ಇಂಜಿನ್ ಕುದಿಯುತ್ತಿತ್ತು, ಅವನೂ ಕುದಿಯುತ್ತಿದ್ದ.

"ಓಡುವಾಗ ತಣ್ಣಗಿರುತ್ತೆ, ನಿಂತ್ರೆ ಕುದಿಯುತ್ತೆ. ಏನು ರಿಪೇರಿ ಮಾಡಿದ್ಯೋ?"

"ನಿಂತಾಗ ಫ್ಯಾನೇ ಗಾಳಿ ಎಳೀಬೇಕು ಭಾವ. ಗಾಳಿ ಆಚೀಚೆ ಸೋರದ ಹಾಗೆ ಅದರ ಸುತ್ತ ಒಂದು ತಗಡಿತ್ತಲ್ಲ, ಎಲ್ಲಿ?"

"ಇಂಜಿನ್ ಅಂದ ಮುಚ್ಚುತ್ತೆ ಅಂತ ಕಿತ್ತು ಬಿಸಾಕಿದೆ."

"ಸರಿ, ಇನ್ನು ನೀವೇ ಬೀಸಣಿಗೆ ಹಿಡ್ಕೊಂಡು ಬೀಸ್ತಾ ಕೂತ್ಕೊಳ್ಳಿ."

ಭಾವನ ಮುಷ್ಟಿ ಬಿತ್ತು. ತುಟಿ ಸೀಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಎರಡನೆಯ ಏಟಿಗೆ ಹಬೆಯಣ್ಣ ಗೋಡೆಗೆ ಬಡಿದುಕೊಂಡ. "ನೀರು ನಾನೇ ಹಾಕ್ತೀನಿ" ಎನ್ನುತ್ತ ಭಾವ ಬಾಗಿ, ಬಟ್ಟೆ ಸುತ್ತಿದ ಕೈಯನ್ನು ಮುಚ್ಚಳದ ಮೇಲಿಟ್ಟ.

"ಮುಟ್ಬೇಡಿ!"

ಮುಚ್ಚಳ ಆಗಲೇ ತಿರುಗತೊಡಗಿತ್ತು. ಹಬೆಯಣ್ಣ ಕೈಗೆ ಸಿಕ್ಕ ಸ್ಪ್ಯಾನರ್‌ನಿಂದ ಭಾವನ ಮಣಿಕಟ್ಟಿಗೆ ಬಾರಿಸಿದ. ಮೂಳೆ ಲಟಕ್ಕೆಂದಿತು. ಅವನು ಚೀರಿ ಹಿಂದಕ್ಕೆ ಬೀಳುತ್ತಲೇ ಮುಚ್ಚಳ ಸಿಡಿದು, ಅವನ ಮುಖವಿದ್ದ ಜಾಗವನ್ನು ಹಾದು ಕುದಿನೀರು ಎತ್ತಿಟ್ಟ ಬಾನೆಟ್ಟಿನವರೆಗೂ ಚಿಮ್ಮಿತು.

ಗಾಡಿಯಲ್ಲಿದ್ದ ಅಕ್ಕ ಇಳಿದು ಓಡಿಬಂದಳು. "ಭಾವನ ಕೈ ಮುರಿದ್ಯಲ್ಲೋ, ಪಾಪಿ!"

ಹಬೆಯಣ್ಣ ರಕ್ತ ಉಗಿದು, ಎಡಗೆನ್ನೆಯನ್ನು ಅವಳತ್ತ ತಿರುಗಿಸಿದ.

"ಕೈ ಕೂಡುತ್ತೆ ಕಣಕ್ಕ."