ಅಡಿಗಲ್ಲು ಸಾಲಹಳ್ಳಿಯದು, ಸುತ್ತಿಗೆ ಚಚಡಿಯದು

ನಿನ್ನೆ ಮಧ್ಯಾಹ್ನ ನನ್ನ ಹೆಂಡತಿ ನೀಲವ್ವ ಈಳಿಗೆಯ ಮುಂದೆ ಕುಳಿತು ಕುಂಬಳಕಾಯಿ ಹೆಚ್ಚುತ್ತಿದ್ದಳು. ಬಲಿತ ಕಾಯಿ, ದಪ್ಪ ಸಿಪ್ಪೆ. ಆದರೂ ಈಳಿಗೆ ಸರಕ್ಕನೆ ಇಳಿದು ಹೋಳುಗಳು ತಟ್ಟೆಗೆ ಉರುಳಿದವು. ಬೇರೆ ಗಂಡಸಾಗಿದ್ದರೆ ತನ್ನ ಮನೆಯ ಈಳಿಗೆ ಇಷ್ಟು ಹರಿತವಾಗಿದೆಯಲ್ಲ ಎಂದು ಹಿಗ್ಗುತ್ತಿದ್ದ. ನನಗೆ ಎದೆ ಧಸಕ್ಕೆಂದಿತು. ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಆರಾಮಾಗಿ ಕುಳಿತುಕೊಳ್ಳಿ. ನೌಕರಿ ಇದ್ದಷ್ಟು ಕಾಲ ಜನರನ್ನು ಅವಸರಪಡಿಸಿದ್ದೇ ಸಾಕಾಗಿದೆ ನನಗೆ.

ನಾನು ಬಸ್ಸಿನ ಕಂಡಕ್ಟರ್ ಆಗಿದ್ದವನು. ಬೈಲಹೊಂಗಲದಿಂದ ಸವದತ್ತಿಗೆ, ಅಲ್ಲಿಂದ ರಾಮದುರ್ಗದ ಕಡೆಗೆ ತಿರುಗಿದವನು. ಸಾಲಹಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಒಂದು ಕಮ್ಮಾರರ ಕುಲುಮೆ ಇತ್ತು. ಒಳಗೆ ಅಡಿಗಲ್ಲು, ಅಂದರೆ ಕಾಸಿದ ಕಬ್ಬಿಣವನ್ನು ಮೇಲಿಟ್ಟು ಬಡಿಯುವ ಉಕ್ಕಿನ ದಿಮ್ಮಿ. ಅದರ ಮೇಲೆ ಸಣ್ಣ ಸುತ್ತಿಗೆ ಟಿಣ್ ಎಂದರೆ, ಅದರ ಬೆನ್ನಿಗೇ ಘಣ ಎಂಬ ದೊಡ್ಡ ಸುತ್ತಿಗೆ ಧಣ್ ಎನ್ನುತ್ತಿತ್ತು. ಆ ಸದ್ದು ಮುಗಿಯಲಿ ಎಂದು ನಾನು ಸೀಟಿ ಊದುವುದನ್ನು ತಡಮಾಡುತ್ತಿದ್ದೆ. ಡ್ರೈವರ್ ತಿರುಗಿ ನೋಡಿದರೆ ಚಿಲ್ಲರೆ ಹುಡುಕುವವನಂತೆ ಚೀಲಕ್ಕೆ ಕೈ ಹಾಕುತ್ತಿದ್ದೆ. ನಿವೃತ್ತನಾದ ಮೇಲೆ ಜನ ದೇವರು ದಿಂಡರು ಎಂದು ತಿರುಗುತ್ತಾರೆ. ನನಗೆ ಆ ಅಡಿಗಲ್ಲಿನ ನೆನಪು ಹತ್ತಿತು. ಕಬ್ಬಿಣದ ಕೆಲಸದಲ್ಲಿ ನನ್ನ ಅನುಭವ ಟಿಕೇಟಿಗೆ ತೂತು ಹಾಕಿದ್ದಷ್ಟೇ.

ಹೋಗಿ ನೋಡಿದರೆ ಕುಲುಮೆ ತಣ್ಣಗಾಗಿತ್ತು. ಅಡಿಗಲ್ಲು ಕಟ್ಟೆಯ ಮೇಲೆ ತುಕ್ಕು ಹಿಡಿದು ಕೂತಿತ್ತು, ಪಕ್ಕದಲ್ಲಿ ಅದರ ಧಣಿ ಮೋನಪ್ಪ. ಮಾರುತ್ತೀರೇನು ಎಂದು ಕೇಳಿದೆ. ಅಡಿಗಲ್ಲಿನ ಮೇಲೆ ಅಂಗೈ ಸವರಿ ಹೂಂ ಎಂದ. ಸುತ್ತಿಗೆ, ಇಕ್ಕಳ ಎಲ್ಲಿ ಎಂದು ಕೇಳಿದ್ದಕ್ಕೆ ಅವನ ಮುಖ ಗಂಟಾಯಿತು.

“ಅವು ನನ್ನ ಪಾಲಿಗೆ ಬಂದಿಲ್ರಿ. ಚಚಡ್ಯಾಗ ನಮ್ಮ ತಮ್ಮ ಅದಾನ, ಅವನ್ನ ಕೇಳ್ರಿ.”

ಆದದ್ದು ಇಷ್ಟು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಗೆ ಜಗಳವಾಗಿ ಹಿರಿಯರು ಪಾಲು ಮಾಡಿದ್ದರು. ಹೊಲ ಹರಿದಂತೆ ಕುಲುಮೆಯನ್ನೂ ಹರಿದಿದ್ದರು. ಭಾರದ್ದು ಅಣ್ಣನಿಗೆ, ಹಗುರದ್ದು ತಮ್ಮನಿಗೆ, ಯಾರಿಗೂ ಅನ್ಯಾಯವಿಲ್ಲ. ಅಡಿಗಲ್ಲು ಸಾಲಹಳ್ಳಿಯಲ್ಲಿ ಉಳಿಯಿತು. ಸುತ್ತಿಗೆ, ಘಣ, ಇಕ್ಕಳ, ಬೆಂಕಿಗೆ ಗಾಳಿ ಹಾಕುವ ಚಕ್ರ ಎಲ್ಲ ತಮ್ಮ ಕಾಳಪ್ಪನೊಂದಿಗೆ ಅವನ ಹೆಂಡತಿಯ ಊರಾದ ಚಚಡಿಗೆ ಹೋದವು. ಬಡಿಯುವುದು ಒಂದೂರಲ್ಲಿ, ಬಡಿಸಿಕೊಳ್ಳುವುದು ಇನ್ನೊಂದೂರಲ್ಲಿ. ಆ ಹಿರಿಯರಿಗೆ ಇದು ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಾದರೋ, ನನಗಂತೂ ತಿಳಿಯದು. ಜಗಳ ಯಾತಕ್ಕೆ ಬಂತೆಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಒಬ್ಬ ಹೇಳಿದ್ದು ಇನ್ನೊಬ್ಬ ಹೇಳಿದ್ದಕ್ಕೆ ಹೊಂದುವುದಿಲ್ಲ, ಆದರೆ ಕೇಳುವಾಗ ಎರಡೂ ಖರೆ ಅನ್ನಿಸುತ್ತವೆ.

ಅಡಿಗಲ್ಲು ಕೊಂಡು ಮನೆಗೆ ತಂದ ಮೇಲೆ ಚಚಡಿಗೂ ಹೋದೆ. ಅಡಿಗಲ್ಲು ಈಗ ನನ್ನ ಬಳಿ ಇದೆ ಎಂದು ಕೇಳಿದ್ದೇ ತಡ, ಕಾಳಪ್ಪ ಸುತ್ತಿಗೆಗಳನ್ನು ಒಳಗಿನಿಂದ ತಾನೇ ಹೊತ್ತು ತಂದ. ಕೊಡುವಾಗ ಅವನು ಹಾಕಿದ ಷರತ್ತನ್ನೇ ಅಣ್ಣನೂ ಹಾಕಿದ್ದ.

“ಅಮಾಸಿಗೊಮ್ಮೆ ಬಂದು ಪೂಜಾ ಮಾಡಿ ಹೋಗತೇನ್ರಿ. ಬ್ಯಾಡ ಅನಬ್ಯಾಡ್ರಿ.”

ಅಮಾವಾಸ್ಯೆಯ ದಿನ ಕಮ್ಮಾರರು ಕೆಲಸ ಮಾಡುವುದಿಲ್ಲ. ಹತಾರಗಳನ್ನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಾರೆ. ನಾನು ಇಬ್ಬರಿಗೂ ಆಗಲಿ ಎಂದೆ. ಮಾರಿದ ಮೇಲೂ ಪೂಜೆ ಬಿಡದಿದ್ದರೆ ಅದು ಮಾರಿದ್ದು ಹೇಗಾಯಿತು ಎಂಬ ಗೊಂದಲ ನನಗೆ ಮನೆಗೆ ಬಂದ ಮೇಲೆ ಹತ್ತಿತು.

ಇನ್ನು ನನ್ನ ಆರೈಕೆ ಕೇಳಿ. ಇಟ್ಟಿಗೆಯ ಪುಡಿ, ಚಿಮಣಿ ಎಣ್ಣೆ ಹಾಕಿ ಅಡಿಗಲ್ಲಿನ ತುಕ್ಕು ತಿಕ್ಕಿದೆ. ಜಾಲಿಯ ಬೊಡ್ಡೆ ತರಿಸಿ ಹಿತ್ತಲಲ್ಲಿ ನೆಟ್ಟು ಅದರ ಮೇಲೆ ಕೂರಿಸಿದೆ. ಸಡಿಲಾದ ಸುತ್ತಿಗೆಗೆ ಹೊಸ ಹಿಡಿ ಹಾಕಿಸಿದೆ. ದಿನಾ ಬೆಳಿಗ್ಗೆ ಕುಸುಬಿ ಎಣ್ಣೆಯ ಅರಿವೆಯಿಂದ ಎಲ್ಲವನ್ನೂ ಒರೆಸುತ್ತಿದ್ದೆ. ಎಣ್ಣೆ, ಕಬ್ಬಿಣ ಕೂಡಿದ ಆ ವಾಸನೆ ಊಟದ ಹೊತ್ತಿಗೂ ಕೈಯಿಂದ ಹೋಗುತ್ತಿರಲಿಲ್ಲ. ನೀಲವ್ವ ಎಣ್ಣೆಯ ಡಬ್ಬಿ ಅಲ್ಲಾಡಿಸಿ ನೋಡಿ, “ನಿಮ್ಮ ಅಡಿಗಲ್ಲ ನಮ್ಮಕಿಂತ ಹೆಚ್ಚಿಗಿ ಎಣ್ಣಿ ತಿಂತೈತಿ” ಎನ್ನುತ್ತಿದ್ದಳು. ನಾನು ಒಂದು ದಿನ ಏನನ್ನಾದರೂ ಬಡಿಯುತ್ತೇನೆಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ. ಒರೆಸುವುದನ್ನು ಬಿಟ್ಟು ನಾನು ಮುಂದೆ ಹೋಗಲಿಲ್ಲ.

ಅಣ್ಣತಮ್ಮಂದಿರು ತಪ್ಪದೆ ಬರುತ್ತಿದ್ದರು, ಆದರೆ ಒಬ್ಬರಿಗೊಬ್ಬರು ಭೇಟಿಯಾಗದಂತೆ. ಅಮಾವಾಸ್ಯೆ ಹಿಡಿಯುವ ಮೊದಲ ದಿನ ಮೋನಪ್ಪ, ಅದು ಬಿಡುವ ಮರುದಿನ ಕಾಳಪ್ಪ. ಹೀಗೆ ಹಂಚಿಕೊಳ್ಳಲು ಮಾತಾಡಿರಬೇಕಲ್ಲ ಎಂದು ತಲೆ ಕೆರೆದುಕೊಂಡೆ. ಮಾತಾಡಿರಲಿಲ್ಲ. ಅಣ್ಣ ಒಡೆದ ಕಾಯಿಯ ಚಿಪ್ಪು ನೋಡಿ ತಮ್ಮ ತಿಳಿದುಕೊಳ್ಳುತ್ತಿದ್ದ, ಅಷ್ಟೇ.

ಒಮ್ಮೆ ಅಮಾವಾಸ್ಯೆ ಒಂದೇ ದಿನಕ್ಕೆ ಬಂತು. ಬೆಳಿಗ್ಗೆ ಮೋನಪ್ಪ ಅಡಿಗಲ್ಲಿಗೆ ವಿಭೂತಿ ಹಚ್ಚುತ್ತಿದ್ದಾಗ ಕಾಳಪ್ಪ ಹಿತ್ತಲ ಬಾಗಿಲಲ್ಲಿ ನಿಂತ. ಇಬ್ಬರೂ ನನ್ನನ್ನೇ ನೋಡಿದರು.

“ಸುತಗಿ ಆಕಡಿ ಇಟ್ಟಾರ, ಬಲಕ್ಕ ಇರಬೇಕಂತ ಹೇಳ್ರಿ ಅವರಿಗೆ” ಎಂದ ಕಾಳಪ್ಪ.

“ಬಲಕ್ಕ ಇಡಾಕ ಜಾಗಾ ಎಲ್ಲೈತಿ, ಕೇಳ್ರಿ ಅವನ್ನ” ಎಂದ ಮೋನಪ್ಪ.

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಡುವೆ ನಿಂತು ಕನ್ನಡವನ್ನು ಕನ್ನಡದಲ್ಲೇ ಹೇಳುತ್ತ ನಾನು ಬೆವತುಹೋದೆ. ಆಗ ಒಳಗಿಂದ ನೀಲವ್ವ ಈಳಿಗೆ ಹಿಡಿದುಕೊಂಡು ಬಂದಳು. “ಇದರ ಬಾಯಿ ಮೊಂಡಾಗೇತ್ರಿ. ಹೆಂಗೂ ಬಂದೀರಿ, ಸ್ವಲ್ಪ ಬಡದು ಕೊಡ್ರಿ.”

“ಇವತ್ತ ಅಮಾಸಿರಿ ಅಕ್ಕಾರ, ಬಡ್ಯಾಂಗಿಲ್ಲ” ಎಂದರು ಇಬ್ಬರೂ, ಒಟ್ಟಿಗೆ. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು.

“ಹಂಗಾರ ನಾಳೆ ಬರ್ರಿ” ಎಂದು ನೀಲವ್ವ ಈಳಿಗೆಯನ್ನು ಅಡಿಗಲ್ಲಿನ ಬುಡಕ್ಕೆ ಇಟ್ಟು ಒಳಗೆ ಹೋದಳು.

ಮರುದಿನ ಬಂದರು. ಹಿತ್ತಲಲ್ಲಿ ಗುಂಡಿ ತೋಡಿ ಇದ್ದಿಲು ಹೊತ್ತಿಸಿದರು, ನಾನು ಗಾಳಿಯ ಚಕ್ರ ತಿರುವಿದೆ. ಮೋನಪ್ಪ ಕೆಂಪಗಾದ ಅಲಗನ್ನು ಇಕ್ಕಳದಲ್ಲಿ ಹಿಡಿದು, ಏಟು ಎಲ್ಲಿ ಬೀಳಬೇಕೋ ಅಲ್ಲಿ ಸಣ್ಣ ಸುತ್ತಿಗೆ ಮುಟ್ಟಿಸಿದ. ಟಿಣ್. ಅದೇ ಜಾಗಕ್ಕೆ ಕಾಳಪ್ಪನ ಘಣ ಬಿತ್ತು. ಅಲ್ಲಿ ಮಾತು ಬೇಕಾಗುವುದೇ ಇಲ್ಲ. ಸಣ್ಣ ಸುತ್ತಿಗೆ ತೋರಿಸುತ್ತದೆ, ಘಣ ಕೇಳುತ್ತದೆ. ಸಣ್ಣ ಸುತ್ತಿಗೆಯವನು ಕಬ್ಬಿಣ ಬಿಟ್ಟು ಬರಿ ಅಡಿಗಲ್ಲಿನ ಮೇಲೆ ಕುಟ್ಟಿದರೆ ‘ಸಾಕು, ನಿಲ್ಲಿಸು’ ಎಂದರ್ಥ. ನಾನು ಬಸ್ಸಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸದ್ದು ನನ್ನ ಹಿತ್ತಲಿಗೇ ಬಂದಿತ್ತು. ಸಂತೋಷಕ್ಕೆ ಚಕ್ರ ತಿರುವುವುದನ್ನೇ ಮರೆತು ಇಬ್ಬರಿಂದಲೂ ಬೈಸಿಕೊಂಡೆ.

ಈಳಿಗೆ ಬೇಗ ಮುಗಿಯಿತು. ಮೋನಪ್ಪ ಬರಿ ಅಡಿಗಲ್ಲಿನ ಮೇಲೆ ಸುತ್ತಿಗೆ ಕುಟ್ಟಲಿಲ್ಲ. ಅತ್ತಿತ್ತ ನೋಡಿ, “ಮತ್ತೇನರ ಐತೇನ್ರಿ?” ಎಂದ. ಕಳೆ ಕೀಳುವ ಕುರುಪಿ ಕೊಟ್ಟೆ. ಅದೂ ಆಯಿತು. “ಮತ್ತ?” ಎಂದ. ಹಿತ್ತಲ ಬಾಗಿಲಿನ ಚಿಲಕ ಗಟ್ಟಿಮುಟ್ಟಾಗಿತ್ತು. ಅದನ್ನೂ ಕಿತ್ತು ಕೊಟ್ಟೆ. ಕಾಳಪ್ಪನೂ ಘಣ ಕೆಳಗಿಡದೆ ಕಾಯುತ್ತಿದ್ದ.

ಅಲ್ಲಿಂದ ಇದೇ ರೂಢಿಯಾಗಿದೆ. ಅಮಾವಾಸ್ಯೆಗೆ ಪೂಜೆ, ಮರುದಿನ ಕೆಲಸ, ಮಾತು ಇಂದಿಗೂ ಇಲ್ಲ. ಹೋದ ಸಲ ಹೋಗುವ ಮುಂಚೆ ಮೋನಪ್ಪ ನನ್ನನ್ನು ಮೂಲೆಗೆ ಕರೆದ. “ಅಡಿಗಲ್ಲು ಕಾಳಪ್ಪಗ ಕೊಟ್ಟಬಿಡ್ರಿ. ನಾ ಹೇಳೀನಂತ ಹೇಳಬ್ಯಾಡ್ರಿ.” ಅವನು ಹೋದ ಮೇಲೆ ಕಾಳಪ್ಪ ಬಂದ. “ಸುತಗಿ, ಘಣ ಎಲ್ಲಾ ಅಣ್ಣಗ ಮುಟ್ಟಸ್ರಿ. ನನ್ನ ಹೆಸರ ತಗೀಬ್ಯಾಡ್ರಿ.” ಇಬ್ಬರ ಮಾತನ್ನೂ ನಡೆಸಿದರೆ ಅಡಿಗಲ್ಲು ಚಚಡಿಗೆ ಹೋಗುತ್ತದೆ, ಸುತ್ತಿಗೆ ಸಾಲಹಳ್ಳಿಗೆ ಬರುತ್ತದೆ. ಕುಲುಮೆ ಮತ್ತೆ ಎರಡಾಗುತ್ತದೆ, ನಮ್ಮ ಹಿತ್ತಲಿಗೆ ಯಾರೂ ಬರುವುದಿಲ್ಲ. ಹೇಳಬೇಡಿ ಎಂದು ಇಬ್ಬರೂ ಬಾಯಿ ಕಟ್ಟಿದ್ದಾರೆ. ಈ ಹತಾರಗಳು ಅವನವೋ, ಇವನವೋ, ಕೊಂಡ ನನ್ನವೋ? ನನಗೆ ಯಾವುದೂ ತಿಳಿಯದೆ ಹೂಂ, ನೋಡೋಣ ಎನ್ನುತ್ತ ದಿನ ದೂಡಿದ್ದೇನೆ.

ಇಂದು ಅಮಾವಾಸ್ಯೆ. ಬೆಳಿಗ್ಗೆ ಇಬ್ಬರೂ ಬಂದು ಕಾಯಿ ಒಡೆದು ಹೋದರು. ನಾಳೆಗೆ ಬಡಿಯಲು ಮನೆಯಲ್ಲಿ ಒಂದು ಮೊಂಡು ವಸ್ತುವೂ ಉಳಿದಿಲ್ಲ. ಅವರ ಕೈ ಅಂಥದ್ದು, ನಿನ್ನೆ ಈಳಿಗೆ ನೋಡಿ ನಾನು ಹೆದರಿದ್ದು ಅದಕ್ಕೇ. ಬಳಕೆಯಲ್ಲಿರುವ ಹತಾರಕ್ಕೆ ತುಕ್ಕು ಹಿಡಿಯುವುದಿಲ್ಲ, ಕುಸುಬಿ ಎಣ್ಣೆಯ ಡಬ್ಬಿ ಯಾವಾಗಲೋ ಅಡುಗೆಮನೆಗೆ ವಾಪಸು ಹೋಗಿದೆ. ನೀಲವ್ವ ಮಲಗಿದ್ದಾಳೆಂದುಕೊಂಡು ಈಗ ಊಟವಾದ ಮೇಲೆ ಈಳಿಗೆ ಎತ್ತಿಕೊಂಡು ಹಿತ್ತಲಿಗೆ ಬಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದರ ಬಾಯಿಯನ್ನು ಅಡ್ಡಕ್ಕೆ ಇಟ್ಟು ಎಳೆಯತೊಡಗಿದೆ. ಕಬ್ಬಿಣ ಕಾಪಾಡುತ್ತೇನೆಂದು ಹೊರಟವನು ಈಗ ಕೂತು ಅದನ್ನು ಕೆಡಿಸುತ್ತಿದ್ದೇನೆ. ಬೆನ್ನ ಹಿಂದೆ ಬಳೆಯ ಸದ್ದಾಯಿತು. ಬೈಗುಳಕ್ಕೆ ಸಿದ್ಧನಾಗಿ ತಿರುಗಿದೆ.

ನೀಲವ್ವ ಹರಿತವಾದ ಕುರುಪಿಯನ್ನು ನನ್ನ ಮುಂದೆ ಚಾಚಿದಳು.

“ಇದನ್ನೂ ತಗೋರಿ. ಬರೇ ಈಳಗಿ ಆದ್ರ ಲಗೂನ ಮುಗದಹೋಗತೈತಿ.”