ಕಮಾನಿನ ಕೆಳಗೆ ಕೂಡಬೇಡಿ ಎಂದ ಫಾದರ್

ನಮ್ಮ ಫಾದರ್ ಅವರ ಬಲಗೆನ್ನೆಗೆ ಸದಾ ಸುಣ್ಣ ಹತ್ತಿರುತ್ತಿತ್ತು. ಬೆಳಗಿನ ಪೂಜೆ ಮುಗಿದ ಮೇಲೆ ಚರ್ಚಿನ ಗೋಡೆಗೆ ಕಿವಿ ಹಚ್ಚಿ, ಒಳಗೆ ಪೊಳ್ಳಾಗಿದೆಯೋ ಎಂದು ತಟ್ಟುತ್ತ ಹೋಗುವುದು ಅವರ ರೂಢಿ. ಆ ಕೆನ್ನೆಯನ್ನು ಒರೆಸಿಕೊಳ್ಳದೆ ನಮ್ಮ ಮನೆಗೆ ಚಹಾಕ್ಕೆ ಬಂದುಬಿಡುತ್ತಿದ್ದರು.

"ಏನ್ರಿ ಫಾದರ್, ಗ್ವಾಡಿ ಇವತ್ತರ ಏನರ ಅಂತೇನ್ರಿ?" ಎಂದು ಅವ್ವ ನಗುತ್ತಿದ್ದಳು.

"ಅದು ಸುಮ್ಮನ ಇದ್ದಾಗನ ಅಂಜಿಕಿ ಹೆಚ್ಚವ್ವಾ," ಎನ್ನುತ್ತಿದ್ದರು. ಅವರು ನಗುತ್ತಿರಲಿಲ್ಲ.

ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವ ದಾರಿಯಲ್ಲಿರುವ ನಮ್ಮೂರ ಚರ್ಚು ಬ್ರಿಟಿಷರ ಕಾಲದ್ದು. ಕಟ್ಟಿಸಿದ ಪರದೇಶಿ ಪಾದ್ರಿಗೆ ಕಲ್ಲು ಸಿಕ್ಕಿತ್ತು, ಕಮಾನು ಎತ್ತುವವರು ಸಿಕ್ಕಿರಲಿಲ್ಲವಂತೆ. ಕೊನೆಗೆ ಸವಣೂರಿನಲ್ಲಿ ಮಸೀದಿ ಕಟ್ಟುತ್ತಿದ್ದ ಗೌಂಡಿಗಳನ್ನು ಕರೆಸಿದನಂತೆ. ಹಾಗಾಗಿ ಬಲಿಪೀಠದ ಮುಂದಿನ ದೊಡ್ಡ ಕಮಾನು ಅಪ್ಪಟ ಸವಣೂರಿನದು, ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಕಟ್ಟಿದ್ದು. ಅದನ್ನು ಕೆಡಿಸಿದವರು ನಮ್ಮ ಫಾದರ್ ಅವರೇ. ನೂರು ವರ್ಷದ ಹಬ್ಬಕ್ಕೆ ಚರ್ಚು ಹೊಸದಾಗಿ ಕಾಣಲೆಂದು ಹಳೆಯ ಗಾರೆ ಕೆತ್ತಿಸಿ ಸಿಮೆಂಟು ಹಚ್ಚಿಸಿದರು. ಊರೆಲ್ಲ ಹೊಗಳಿತು. ಗೋಡೆಯ ಹಸಿಗೆ ಹೊರಬರಲು ದಾರಿಯಿಲ್ಲದೆ, ಕೆಲವೇ ಮಳೆಗಾಲಗಳಲ್ಲಿ ಕಲ್ಲಿನ ಸಂದಿನ ಸುಣ್ಣವೆಲ್ಲ ಪುಡಿಯಾಯಿತು. ಕಮಾನಿನ ನೆತ್ತಿ ಬಿರುಕು ಬಿಟ್ಟಿತು.

"ಉಸಿರಾಡೂ ಗ್ವಾಡಿ ಬಾಯಾಗ ನಾನ ಅರಿವಿ ತುರುಕೇನಿ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದರು. ಬಿರುಕು ಬೆಳೆದರೆ ಗಾಜು ಒಡೆಯಬೇಕು. ಒಂದು ಭಾನುವಾರ ಪ್ರವಚನದ ನಡುವೆ ಮೇಲೆ ಟಕ್ಕೆಂದಿತು. ಫಾದರ್ ಮಾತು ನಿಲ್ಲಿಸಿ ಮೇಲೆ ನೋಡಿದರು. ಬಹಳ ಮೆತ್ತಗೆ, "ಎಲ್ಲಾರೂ ಸಾವಕಾಶ ಏಳ್ರಿ. ಓಡಬ್ಯಾಡ್ರಿ. ಹುಡುಗೂರ್ನ ಮುಂದ ಮಾಡ್ರಿ," ಎಂದರು. ಎಲ್ಲರೂ ಹೊರಬಿದ್ದ ಮೇಲೆ ಬಾಗಿಲಿಗೆ ಕೀಲಿ ಹಾಕಿದರು. ಅಂದಿನಿಂದ ಪೂಜೆ ಅಂಗಳದ ತಗಡಿನ ಚಪ್ಪರದಲ್ಲಿ.

ನನ್ನ ಮದುವೆಯೂ ಅಲ್ಲೇ ಆಯಿತು. ಅಪ್ಪನಿಗೆ ಸಹಿಸಲಾಗಲಿಲ್ಲ. ಅವನ ಮದುವೆ ಆ ಕಮಾನಿನ ಕೆಳಗೆ ಆಗಿತ್ತು.

"ಒಂದ ತಾಸಿನ್ಯಾಗ ಬಿದ್ದ ಬಿಡತೈತೇನ್ರಿ?" ಎಂದು ಕೇಳಿದ.

"ಬೀಳಾಕ ತಾಸ ಬೇಕಾಗಂಗಿಲ್ಲ," ಎಂದರು ಫಾದರ್.

ಅಪ್ಪ ಅವರೊಡನೆ ಮಾತು ಬಿಟ್ಟ. ಕಮಾನು ಮಾತ್ರ ಬೀಳಲಿಲ್ಲ. ಮುಂದಿನ ಮಳೆಗಾಲಕ್ಕೂ ಬೀಳಲಿಲ್ಲ. ಅಂಜುಬುರುಕ ಫಾದರ್ ಎಂದು ಜನ ಆಡಿಕೊಂಡರು. ಅವರು ಕೇಳಿಯೂ ಕೇಳದವರಂತೆ ಇದ್ದರು. ನನಗೆ ಅವರ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿದ್ದು ಆಗಲೇ.

ಹೋದ ಚಳಿಗಾಲ ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನ ಕೈ ಹಿಡಿದು, "ನನ್ನ ಹೆಣಾನೂ ಒಳಗ ಒಯ್ಯಬ್ಯಾಡ್ರಿ. ನಿಮ್ಮಪ್ಪಗ ಹೇಳು," ಎಂದರು. ಹೇಳಿದೆ.

ಅವರು ತೀರಿಕೊಂಡ ದಿನ ಅಪ್ಪ ಬಿಕ್ಕಿ ಬಿಕ್ಕಿ ಅತ್ತ. ಪಾದ್ರಿ ಸತ್ತರೆ ತಲೆ ಬಲಿಪೀಠದ ಕಡೆಗೆ, ಮುಖ ಜನರ ಕಡೆಗೆ ಬರುವಂತೆ ಮಲಗಿಸುವುದು ಪದ್ಧತಿ. "ಅಂಥಾ ಗುರುಗೋಳ್ನ ತಗಡಿನ ಕೆಳಗ ಮಲಗಸೂದೇನ? ನನ್ನ ಜೀವ ಇರೂತನಕ ಆಗಂಗಿಲ್ಲ," ಎಂದು ಕೀಲಿ ಒಡೆಸಿದವನು ಅವನೇ. ನಾನು ಬಾಗಿಲಿಗೆ ಅಡ್ಡ ನಿಂತೆ. ಅಪ್ಪ ನನ್ನನ್ನು ಮೆಲ್ಲಗೆ ಬದಿಗೆ ಸರಿಸಿದ. ಊರಿಗೆ ಊರೇ ಒಳಗೆ ಹೋಯಿತು. ಏನೂ ಆಗಲಿಲ್ಲ.

ಅದೇ ಕುತ್ತಾಯಿತು. ಅಷ್ಟು ಜನ ಕೂತೆದ್ದರೂ ಕಮಾನು ಅಲುಗಲಿಲ್ಲವೆಂದ ಮೇಲೆ ಹೆದರಿಕೆ ಯಾತರದ್ದು ಎಂದು ಭಾನುವಾರದ ಪೂಜೆ ಮತ್ತೆ ಒಳಗೇ ನಡೆಯುತ್ತಿದೆ. ಅದು ಫಾದರ್ ಅವರ ಕೊನೆಯ ಆಶೀರ್ವಾದ ಎಂದೂ ಹೇಳುತ್ತಾರೆ. ಅವರ ಜಾಗಕ್ಕೆ ಬಂದ ಹೊಸ ಫಾದರ್‌ಗೆ ಎಲ್ಲವನ್ನೂ ಹೇಳಿದೆ. ಮಳೆ ನಿಂತ ಮೇಲೆ ಇಂಜಿನಿಯರನ್ನು ಕರೆಸೋಣ ಎಂದರು.

ಈ ಸಲ ಮಳೆ ಜೋರಾಗಿದೆ. ನಾನು ಮಗಳನ್ನು ಕಟ್ಟಿಕೊಂಡು ಚಪ್ಪರದಲ್ಲೇ ಕೂಡುತ್ತೇನೆ. ಆ ಮುದುಕರ ಮಾತನ್ನು ಉಳಿಸಿಕೊಳ್ಳಲು ನನ್ನಿಂದ ಆಗುವುದು ಇಷ್ಟೇ. ತೆರೆದ ಬಾಗಿಲಿನಿಂದ ಅಪ್ಪ ಕಾಣುತ್ತಾನೆ, ಮೊದಲ ಬೆಂಚಿನಲ್ಲಿ, ಕಮಾನಿನ ನೇರ ಕೆಳಗೆ. ಆಗಾಗ ಹೊರಳಿ ನಮ್ಮ ಕಡೆ ನೋಡುತ್ತಾನೆ. ಪಕ್ಕದಲ್ಲಿ ನಮ್ಮಿಬ್ಬರಿಗೂ ಜಾಗ ಹಿಡಿದಿರುತ್ತಾನೆ.